ಏಳು ಅಂಗಿಗಳ ಭಾನುವಾರ

ಹೋದ ವಾರ ದೇವಲಾಪುರದ ಕಡೆ ಶಾಲಾ ಮಕ್ಕಳ ತಪಾಸಣೆಗೆ ಹೋಗಬೇಕಿತ್ತು. ಜೀಪು ಕೆಟ್ಟು ನಿಂತಿತ್ತು, ಬಸ್ಸು ಹತ್ತಿದೆ. ನಾಗಮಂಗಲ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಿಟಕಿಯಿಂದ ಹುಚ್ಚೆಳ್ಳು ಹೂವಿನ ವಾಸನೆ ಬಂತು. ರಾಗಿ ಹೊಲದ ನಡುವೆ ಸಾಲುಸಾಲಾಗಿ ಹಳದಿ ಹೂವು. ನೋಡುವವರಿಗೆ ಚೆಂದ. ನನಗೆ ಆ ಕಹಿ ವಾಸನೆ ಆಗುವುದಿಲ್ಲ, ಸೆರಗು ಮೂಗಿಗೆ ಒತ್ತಿ ಹಿಡಿದೆ. ಪಕ್ಕದಲ್ಲಿದ್ದ ನರ್ಸು ನನ್ನ ಮುಖ ನೋಡಿ, ವಾಂತಿ ಬರುತ್ತಿದೆಯೇನೋ ಎಂದು ಕವರು ತೆಗೆದಳು. ಇಲ್ಲ ಕಣೆ, ಹಳೇದೊಂದು ನೆನಪಾಯಿತು ಎಂದೆ. ಅವಳು ನಂಬಲಿಲ್ಲ, ಇಳಿಯುವವರೆಗೂ ಕವರನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

ನಾಲ್ಕು ವರ್ಷದ ಹಿಂದೆ ಇದೇ ಹೂವಿನ ಕಾಲದಲ್ಲಿ ನಾನು ನಾಗಮಂಗಲಕ್ಕೂ ಕೆ.ಆರ್. ಪೇಟೆಗೂ ನಡುವಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಾಗಿದ್ದೆ. ಊರಿನ ಹೆಸರು ಬೇಡ, ಅಲ್ಲಿ ಇನ್ನೂ ಕೆಲಸ ಮಾಡುವವರಿದ್ದಾರೆ. ನಾವು ನಾಲ್ಕು ಜನ ಡಾಕ್ಟರುಗಳು. ಹೆರಿಗೆ ನೋಡುತ್ತಿದ್ದವರು ಶ್ರೀನಿಧಿ. ಶ್ರೀರಂಗಪಟ್ಟಣದವರು, ಮನೆಯವರೆಲ್ಲ ದೇವಸ್ಥಾನದ ಸೇವೆಯಲ್ಲಿದ್ದವರು, ಮೆತ್ತನೆಯ ಮಾತು. ನಾನು ಪಾಂಡವಪುರದ ಕಡೆಯ ಒಕ್ಕಲು ಮನೆಯವಳು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದ ಗಂಟಲು. ನಮ್ಮಿಬ್ಬರಿಗೂ ಆಗಿಬರುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಸಂಜೆ ಐದೂವರೆಗೆ ಹೆರಿಗೆ ವಾರ್ಡಿನ ಹಿಂದೆ ಬಲೆ ಕಟ್ಟಿ ಶಟಲ್ ಆಡುತ್ತಿದ್ದೆವಲ್ಲ, ಅಲ್ಲಿ ಅವರ ಮೆತ್ತನೆಯೆಲ್ಲ ಮಾಯ. ಗೆರೆಯ ಆಚೆ ಬಿತ್ತೋ ಈಚೆ ಬಿತ್ತೋ ಎಂದು ಚಿಕ್ಕ ಮಕ್ಕಳ ಹಾಗೆ ಕಿತ್ತಾಡುತ್ತಿದ್ದೆವು. ವಾರ್ಡಿನ ಆಯಾ ಜಯಮ್ಮ ಮೆಟ್ಟಿಲ ಮೇಲೆ ಕೂತು ತೀರ್ಪು ಕೊಡುತ್ತಿದ್ದಳು, ಯಾವಾಗಲೂ ಅವರ ಪರವಾಗಿಯೇ. ಒಂದು ಗಂಟೆ ಬೆವರು ಸುರಿಸಿದರೆ ದಿನದ ಕೊಳೆಯೆಲ್ಲ ಇಳಿದು ಹೋಗುತ್ತಿತ್ತು. ಅದು ಔಷಧ ಎಂದು ನಮಗೆ ಆಗ ಗೊತ್ತಿರಲಿಲ್ಲ, ಆಟ ಎಂದುಕೊಂಡಿದ್ದೆವು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಬಿಂಡಿಗನವಿಲೆ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದವಳು. ಹೆರಿಗೆ ಸಲೀಸಾಗಿಯೇ ಆಯಿತು. ಹೆಣ್ಣು ಮಗು, ನಾನೇ ಕೈಯಲ್ಲಿ ಹಿಡಿದೆ, ಚೆನ್ನಾಗಿ ಅತ್ತಿತು. ಆಮೇಲೆ ತಾಯಿಗೆ ರಕ್ತ ನಿಲ್ಲಲಿಲ್ಲ. ಗರ್ಭಕೋಶ ಬಿಗಿಯಲಿಲ್ಲ. ಕೊಡುವ ಇಂಜೆಕ್ಷನ್ ಎಲ್ಲ ಕೊಟ್ಟಾಯಿತು. ನಮ್ಮಲ್ಲಿ ರಕ್ತ ಇಡುವ ವ್ಯವಸ್ಥೆ ಇರಲಿಲ್ಲ. ಹದಿನೈದು ನಿಮಿಷದೊಳಗೆ ದೊಡ್ಡಾಸ್ಪತ್ರೆಗೆ ಆಂಬುಲೆನ್ಸ್ ಹೊರಟಿತು, ಶ್ರೀನಿಧಿಯೂ ಹತ್ತಿದರು. ದಾರಿಯುದ್ದಕ್ಕೂ ಒಂದು ಕೈ ಮುಷ್ಟಿ ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ ಇಟ್ಟು ಗರ್ಭಕೋಶವನ್ನು ಒತ್ತಿ ಹಿಡಿದು ಕೂತಿದ್ದರು. ಹಾಗೆ ಒತ್ತಿ ಹಿಡಿದವರಿಗೇ ಗೊತ್ತು, ಐದು ನಿಮಿಷಕ್ಕೆ ತೋಳು ಮರಗಟ್ಟುತ್ತದೆ. ಅವರು ಮುಕ್ಕಾಲು ಗಂಟೆ ಹಿಡಿದಿದ್ದರು. ಹುಡುಗಿ ದಾರಿಯಲ್ಲೇ ಹೋದಳು. ಅದು ಗೊತ್ತಾದ ಮೇಲೂ ಅವರು ಕೈ ತೆಗೆದಿರಲಿಲ್ಲವಂತೆ. ಡ್ರೈವರೇ ಬಂದು ಬಿಡಿಸಿದನಂತೆ.

ಮಾರನೆಯ ದಿನ ಹುಡುಗಿಯ ಗಂಡನ ಕಡೆಯವರು ಬಂದು ಆಸ್ಪತ್ರೆಯ ಗಾಜು ಒಡೆದರು. ಅವರನ್ನು ನಾನು ಬೈಯುವುದಿಲ್ಲ, ಇಪ್ಪತ್ತೆರಡು ವರ್ಷದ ಹೆಂಗಸು ಸತ್ತಿದ್ದಳು. ಹುಡುಗಿಯ ಅಪ್ಪ ಮಾತ್ರ ಟವೆಲು ಹೆಗಲ ಮೇಲೆ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದ. ವಿಚಾರಣೆ ಎಂದರು, ಕಮಿಟಿ ಎಂದರು, ದಿನ ಮುಂದೆ ಹಾಕಿದರು, ಮತ್ತೆ ಮುಂದೆ ಹಾಕಿದರು. ಶ್ರೀನಿಧಿ ಕೆಲಸಕ್ಕೆ ಬರುತ್ತಲೇ ಇದ್ದರು, ಆದರೆ ಹೆರಿಗೆ ಮುಟ್ಟುತ್ತಿರಲಿಲ್ಲ. ಬಂದವರನ್ನೆಲ್ಲ ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕಳಿಸಿಬಿಡುವರು. ಊಟಕ್ಕೆ ನಮ್ಮ ಜೊತೆ ಕೂರುವುದು ನಿಂತಿತು. ಶಟಲ್ ಬಲೆ ಸುತ್ತಿಟ್ಟ ಹಾಗೆಯೇ ಮೂಲೆಯಲ್ಲಿತ್ತು. ಹೇಗಿದ್ದೀರಿ ಎಂದರೆ, ಸರಿಯಾಗಿದ್ದೀನಿ ಮೇಡಂ. ನಾನೂ ಸರಿ ಎಂದು ಮುಂದೆ ಹೋಗುತ್ತಿದ್ದೆ. ರೋಗಿ ಹಾಗೆ ಅಂದಿದ್ದರೆ ಕೂರಿಸಿ ಕಣ್ಣು ನೋಡಿ, ನಿದ್ದೆ ಬರುತ್ತಾ, ಊಟ ಸೇರುತ್ತಾ ಎಂದು ಕೇಳಿರುತ್ತಿದ್ದೆ. ಡಾಕ್ಟರು ಡಾಕ್ಟರನ್ನು ಹಾಗೆ ಕೇಳುವುದಿಲ್ಲ, ನಮ್ಮಲ್ಲಿ ಅದು ಮರ್ಯಾದೆ ಅಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ದಸರಾ ಮುಗಿದ ಮೇಲೆ ಮೇಲಿನಿಂದ ಸುತ್ತೋಲೆ ಬಂತು. ವೈದ್ಯರಿಗೆ ಒತ್ತಡ ಹೆಚ್ಚಾಗಿದೆ, ಆದ್ದರಿಂದ ಎಲ್ಲರೂ ಬೆಳಿಗ್ಗೆ ಅರ್ಧ ಗಂಟೆ ನಡಿಗೆಯನ್ನೋ ವ್ಯಾಯಾಮವನ್ನೋ ಮಾಡಬೇಕು, ಮಾಡಿದ್ದಕ್ಕೆ ಸಾಕ್ಷಿಯಾಗಿ ಏಳು ಗಂಟೆಯೊಳಗೆ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಬೇಕು. ಓದಿ ನನಗೆ ರೇಗಿಹೋಯಿತು. ರಕ್ತ ಕೊಡಿ ಎಂದರೆ ವಾಕಿಂಗ್ ಕೊಟ್ಟರಲ್ಲ ಎಂದು ಹಾರಾಡಿದೆ. ಸುತ್ತೋಲೆಯ ಮಾತಿನಲ್ಲಿ ತಪ್ಪಿರಲಿಲ್ಲ, ಇವತ್ತು ಒಪ್ಪುತ್ತೇನೆ. ಫೋಟೋ ಕೇಳಿದ್ದೇ ಕೆಟ್ಟಿತು. ಯಾಕೆಂದರೆ ಸರ್ಕಾರಿ ಕೆಲಸದಲ್ಲಿ ಇರುವವರಿಗೆ ಫೋಟೋ ಎಂದ ತಕ್ಷಣ ಬೇರೆಯೇ ಬುದ್ಧಿ ಓಡುತ್ತದೆ. ಗಿಡ ನೆಟ್ಟ ಫೋಟೋ, ಕೈ ತೊಳೆದ ಫೋಟೋ, ಪೊರಕೆ ಹಿಡಿದ ಫೋಟೋ, ಎಲ್ಲವನ್ನೂ ಒಂದೇ ದಿನ ತೆಗೆದು ವರ್ಷವಿಡೀ ಕಳಿಸಿದವರು ನಾವು.

ಉಪಾಯ ನನ್ನದೇ. ಒಂದು ಭಾನುವಾರ ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಕೆರೆ ಏರಿಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಒಬ್ಬೊಬ್ಬರಿಗೆ ಏಳು ಬಟ್ಟೆ, ಏಳು ಫೋಟೋ, ವಾರದ ಏಳು ದಿನಕ್ಕೆ. ಶ್ರೀನಿಧಿ ನಾಲ್ಕೇ ಅಂಗಿ ತಂದಿದ್ದರು. ಉಳಿದ ಮೂರನ್ನು ನಮ್ಮ ಯಜಮಾನರ ಬೀರುವಿನಿಂದ ನಾನು ತಂದುಕೊಟ್ಟೆ. ಔಷಧಿ ಕೊಡುವ ಪುಟ್ಟಸ್ವಾಮಿ ಫೋಟೋ ತೆಗೆದ. ಶ್ರೀನಿಧಿ ಹುಣಸೆ ಮರದ ಮರೆಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬರುವರು, ನಾಲ್ಕು ಹೆಜ್ಜೆ ನಡೆಯುವರು, ನಿಲ್ಲುವರು. ಮೊದಲನೇ ಫೋಟೋದಲ್ಲಿ ಮುಖ ಸತ್ತುಹೋಗಿತ್ತು. ಸ್ವಲ್ಪ ನಗಿ ಸಾರ್, ಒತ್ತಡ ಇಳಿದ ಹಾಗೆ ಕಾಣಬೇಕಲ್ಲ ಎಂದೆ. ಅವರು ನಕ್ಕರು. ಏಳು ಸಲವೂ ಚೆನ್ನಾಗಿ ನಕ್ಕರು. ನೋಡಿ, ಎಷ್ಟು ಚೆನ್ನಾಗಿ ಕಾಣ್ತೀರಿ ಎಂದು ಫೋನು ತೋರಿಸಿದೆ. ಅವರು ತಮ್ಮ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಪರವಾಗಿಲ್ಲ ಮೇಡಂ, ನಂಬ್ತಾರೆ ಎಂದರು. ನಾನು ಅದನ್ನು ತಮಾಷೆ ಎಂದುಕೊಂಡೆ.

ಮಾರನೆಯ ದಿನದಿಂದ ಪುಟ್ಟಸ್ವಾಮಿ ಎದ್ದವನೇ ಹಲ್ಲುಜ್ಜುವ ಮೊದಲು ನಮ್ಮೆಲ್ಲರ ಫೋಟೋ ಸೇರಿಸಿ ಗುಂಪಿಗೆ ಹಾಕುತ್ತಿದ್ದ. ಏಳು ಮುಗಿದ ಮೇಲೆ ಮೊದಲಿಂದ ಮತ್ತೆ ಶುರು. ಯಾರೂ ಕಂಡುಹಿಡಿಯಲಿಲ್ಲ. ಮೇಲಿನವರು ಹೆಬ್ಬೆರಳು ಎತ್ತಿದ ಚಿಹ್ನೆ ಕಳಿಸುತ್ತಿದ್ದರು. ಒಂದು ಸಲ ನಮ್ಮ ಆಸ್ಪತ್ರೆಯನ್ನು ನೋಡಿ ಕಲಿಯಿರಿ ಎಂದು ಬೇರೆಯವರಿಗೆ ಬರೆದರು. ನಾನು ಬೀಗಿದೆ, ನಾಚಿಕೆಗೆಟ್ಟವಳು. ಇತ್ತ ಶ್ರೀನಿಧಿಯ ಕುತ್ತಿಗೆಯ ಕಾಲರು ದಿನದಿನಕ್ಕೆ ಅಗಲವಾಗುತ್ತಿತ್ತು, ಮನುಷ್ಯ ಅಷ್ಟು ಇಳಿದುಹೋಗಿದ್ದರು. ಫೋಟೋದಲ್ಲಿ ಮಾತ್ರ ಹಳೆಯ ಕೆನ್ನೆಯೇ ಇತ್ತು.

ಕೊನೆಗೆ ವಿಚಾರಣೆ ಒಂದು ಶುಕ್ರವಾರಕ್ಕೆ ಗೊತ್ತಾಯಿತು. ಅದರ ಹಿಂದಿನ ದಿನ, ಗುರುವಾರ, ಅವರು ಕೆಲಸಕ್ಕೆ ಬರಲಿಲ್ಲ. ಒಂಬತ್ತು ಗಂಟೆಗೆ ಅವರ ಹೆಂಡತಿ ಮಾಲಿನಿ ನಮ್ಮ ದೊಡ್ಡ ಡಾಕ್ಟರಿಗೆ ಫೋನು ಮಾಡಿದರು. ಆಕೆ ಬಾಬುರಾಯನಕೊಪ್ಪಲಿನ ಶಾಲೆಯಲ್ಲಿ ಟೀಚರು, ಮಗಳ ಓದಿಗೆಂದು ಶ್ರೀರಂಗಪಟ್ಟಣದಲ್ಲೇ ಇದ್ದರು, ಶ್ರೀನಿಧಿ ಇಲ್ಲಿ ಕ್ವಾರ್ಟರ್ಸಿನಲ್ಲಿ ಒಬ್ಬರೇ. ಬೆಳಿಗ್ಗೆಯಿಂದ ಗಂಡನ ಫೋನು ಆಫಾಗಿದೆ, ಎಲ್ಲಿದ್ದಾರೆ ಎಂದು ಕೇಳಿದರು. ದೊಡ್ಡ ಡಾಕ್ಟರು ನಾಗಮಂಗಲದಿಂದ ಓಡಾಡುವವರು, ನಮ್ಮ ಏಳು ಅಂಗಿಯ ಕಥೆ ಅವರಿಗೆ ಗೊತ್ತಿರಲಿಲ್ಲ. ಏನೂ ಗಾಬರಿ ಬೇಡಮ್ಮ, ವಾಕಿಂಗ್ ಹೋಗಿದ್ದಾರೆ, ಏಳು ಗಂಟೆಗೆ ಫೋಟೋ ಬಂದಿದೆ ಎಂದು ಆ ಫೋಟೋವನ್ನೇ ಅವರಿಗೆ ಕಳಿಸಿದರು. ಮಾಲಿನಿಗೆ ಸಮಾಧಾನವಾಯಿತಂತೆ. ಈ ನಗು ನೋಡಿದ ಮೇಲೆ ಜೀವ ಬಂತು ಸಾರ್ ಎಂದರಂತೆ. ಇದನ್ನು ದೊಡ್ಡ ಡಾಕ್ಟರೇ ನನ್ನ ರೂಮಿನ ಬಾಗಿಲಲ್ಲಿ ನಿಂತು ಹೇಳಿ, ಬಂದರೆ ಹೆಂಡತಿಗೆ ಫೋನು ಮಾಡಲು ಹೇಳಿ ಎಂದು ಹೋದರು.

ನಾನು ಗುಂಪು ತೆರೆದು ನೋಡಿದೆ. ಮೆರೂನ್ ಬಣ್ಣದ ಚೌಕಳಿ ಅಂಗಿ. ಆ ಅಂಗಿಯನ್ನು ಅವತ್ತು ಬೆಳಿಗ್ಗೆ ನಾನೇ ಇಸ್ತ್ರಿ ಮಾಡಿದ್ದೆ. ಅದನ್ನು ಹಾಕಿಕೊಂಡು ನಮ್ಮ ಯಜಮಾನರು ಪಾಂಡವಪುರದ ಕಾಲೇಜಿಗೆ ಪಾಠ ಮಾಡಲು ಹೋಗಿದ್ದರು.

ಅವರು ನಿಜಕ್ಕೂ ಎಲ್ಲಿದ್ದಾರೆ ಎಂಬುದು ಯಾರಿಗೂ ಗೊತ್ತಿಲ್ಲ ಎಂದು ಹೊಳೆಯಿತು. ಆದರೆ ನಾನು ಏಳಲಿಲ್ಲ. ಇದನ್ನು ಬರೆಯಲು ನನಗೆ ನಾಲ್ಕು ವರ್ಷ ಹಿಡಿಯಿತು, ಆದ್ದರಿಂದ ಸರಿಯಾಗಿಯೇ ಬರೆಯುತ್ತೇನೆ. ನಾನು ಏಳಲಿಲ್ಲ. ಹೊರಗೆ ಮಕ್ಕಳ ಸಾಲು ಇತ್ತು, ಅದು ನೆಪ. ಫೋಟೋ ಸುಳ್ಳು ಎಂದರೆ ಒಂದು ತಿಂಗಳ ಸುಳ್ಳೂ ಹೊರಗೆ ಬರುತ್ತದೆ, ನನ್ನ ಹೆಸರೇ ಮೊದಲು ಬರುತ್ತದೆ, ಅದು ನಿಜ. ಬಂದುಬಿಡುತ್ತಾರೆ, ಎಲ್ಲೋ ಕಾಫಿ ಕುಡಿಯುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಐದು ಮಕ್ಕಳನ್ನು ನೋಡಿದೆ. ಆ ಐದರಲ್ಲಿ ಒಂದರ ಮುಖವೂ ಇವತ್ತು ನೆನಪಿಲ್ಲ. ಔಷಧಿ ಕಿಂಡಿಯ ಕಡೆ ಒಮ್ಮೆ ನೋಡಿದರೆ ಪುಟ್ಟಸ್ವಾಮಿ ನನ್ನನ್ನೇ ನೋಡುತ್ತಿದ್ದ. ಇಬ್ಬರೂ ತಲೆ ತಗ್ಗಿಸಿದೆವು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಅಷ್ಟರಲ್ಲಿ ಜಯಮ್ಮ ಬಕೆಟ್ ಹಿಡಿದು ಒಳಗೆ ಬಂದಳು. ಶ್ರೀನಿಧಿ ಡಾಕ್ಟರಿಗೆ ಏನಾದರೂ ಹರಕೆಯೇ ಎಂದು ಕೇಳಿದಳು. ಯಾಕೆ ಎಂದೆ.

"ಐದೂವರೇಲಿ ಬತ್ತಾ ನೋಡ್ದೆ ಕಣವ್ವ. ಬಿಂಡಿಗನವಿಲೆ ದಾರೀಲಿ ಓಯ್ತಾ ಇದ್ರು. ಕಾಲ್ಗೆ ಚಪ್ಲೀನೂ ಇರ್ನಿಲ್ಲ. ಕೂಗ್ದೆ, ತಿರುಗಿ ನೋಡ್ನಿಲ್ಲ."

ಆಗ ಎದ್ದೆ. ದೊಡ್ಡ ಡಾಕ್ಟರ ರೂಮಿಗೆ ಹೋಗಿ, ಆ ಫೋಟೋ ಇವತ್ತಿನದಲ್ಲ ಸಾರ್, ಯಾವುದೂ ಅವತ್ತವತ್ತಿನದಲ್ಲ, ಎಲ್ಲ ನನ್ನ ಕೆಲಸ ಎಂದೆ. ಅವರು ಬೈಯಲಿಲ್ಲ. ಬಣ್ಣವಿಳಿದ ಮುಖದಲ್ಲಿ ಮೇಜಿನ ಮೇಲಿದ್ದ ಫೋನನ್ನು ನನ್ನ ಕಡೆ ತಳ್ಳಿದರು. ಆಕೆಗೆ ನೀವೇ ಹೇಳಬೇಕು ಎಂದರು. ನನ್ನ ಕೆಲಸದಲ್ಲಿ ಎಷ್ಟೋ ತಾಯಂದಿರಿಗೆ ಕೆಟ್ಟ ಸುದ್ದಿ ಹೇಳಿದ್ದೇನೆ. ಇದರಷ್ಟು ಕಷ್ಟವಾದದ್ದು ಯಾವುದೂ ಇಲ್ಲ.

"ಮಾಲಿನಿ, ನಾನು ಸವಿತಾ. ನಿಮಗೆ ಬಂದ ಫೋಟೋ ಒಂದು ತಿಂಗಳ ಹಿಂದಿನದು. ನಾವು ಸುಮ್ಮನೆ ತೆಗೆದು ಇಟ್ಟುಕೊಂಡದ್ದು. ಅವರು ಎಲ್ಲಿದ್ದಾರೆ ಅಂತ ನಮಗೆ ಗೊತ್ತಿಲ್ಲ."

ಆ ಕಡೆ ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವುದು ಕೇಳಿಸುತ್ತಿತ್ತು. ಆಮೇಲೆ ಆಕೆ, "ಹಾಗಾದ್ರೆ ಒಂದು ತಿಂಗಳಿಂದ ನಾನು ಯಾರನ್ನ ನೋಡ್ತಿದ್ದೆ?" ಎಂದರು. ಆ ತಿಂಗಳಿಡೀ ಊರಿಗೆ ಹೋಗದೆ, ದಿನಾ ಬೆಳಿಗ್ಗೆ ಆ ಫೋಟೋಗಳಲ್ಲಿ ಒಂದನ್ನು ಶ್ರೀನಿಧಿ ಹೆಂಡತಿಗೂ ಕಳಿಸುತ್ತಿದ್ದರು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದೊಡ್ಡ ಡಾಕ್ಟರು ಪೊಲೀಸಿನವರಿಗೆ ಹೇಳಲು ಫೋನು ಎತ್ತಿಕೊಂಡರು. ಪುಟ್ಟಸ್ವಾಮಿ ಬೈಕು ತೆಗೆದ, ನಾನು ಹಿಂದೆ ಕೂತೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿದೆವು. ಹಾಲಿನ ಡೇರಿ ಹತ್ತಿರ ಒಬ್ಬರು ನೋಡಿದ್ದರು, ಆ ಕಡೆ ಹೋದರು ಎಂದರು. ಮುಂದಿನ ಊರಿನ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿ, ಕಾಲು ಕೊಯ್ದು ರಕ್ತ ಬರುತ್ತಿತ್ತು, ಕೂತ್ಕೊಳ್ಳಪ್ಪ ಎಂದರೂ ಕೂರಲಿಲ್ಲ ಎಂದಳು. ಎರಡೂ ಕಡೆ ರಾಗಿ ಹೊಲ, ಹುಚ್ಚೆಳ್ಳು ಹೂವು, ಆ ವಾಸನೆ. ಈ ದಾರಿ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಿಬ್ಬರಿಗೂ ಅಷ್ಟು ಹೊತ್ತಿಗೆ ಹೊಳೆದಿತ್ತು. ಸತ್ತ ಹುಡುಗಿಯ ತವರೂರು. ಗಾಜು ಒಡೆದವರ ಸಿಟ್ಟು ಅಲ್ಲಿಯೂ ಇದ್ದರೆ ಏನು ಮಾಡುತ್ತಾರೋ ಎಂಬ ಭಯ ಒಂದು. ಆ ಊರಿಗೆ ಮೊದಲೇ ಒಂದು ಕೆರೆ ಸಿಗುತ್ತದೆ ಎಂಬ ಭಯ ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು. ದೇವರೇ, ಊರಿನವರ ಕೈಗಾದರೂ ಸಿಕ್ಕಿರಲಿ ಎಂದು ಬೇಡಿಕೊಂಡೆ.

ಅವರು ಕೆರೆ ಏರಿಯ ಮೇಲೆಯೇ ಕೂತಿದ್ದರು. ನೀರಿನ ಕಡೆ ಮುಖ. ಹತ್ತು ಮಾರು ದೂರದಲ್ಲಿ ಇನ್ನೊಬ್ಬ ಮನುಷ್ಯ, ಹೆಗಲ ಮೇಲೆ ಟವೆಲು, ಸುತ್ತ ಕುರಿಗಳು. ಹುಡುಗಿಯ ಅಪ್ಪ. ಮಗುವಿನ ಚುಚ್ಚುಮದ್ದಿಗೆ ಅದರ ಅಜ್ಜಿಯ ಜೊತೆ ಎರಡು ಸಲ ನನ್ನ ಹತ್ತಿರ ಬಂದಿದ್ದ, ಹಾಗಾಗಿ ಗುರುತಿತ್ತು. ನಾವು ಬೈಕು ನಿಲ್ಲಿಸಿದ್ದನ್ನು ನೋಡಿ ಎದ್ದು ಬಂದ.

"ಒತ್ತಾರೆಯಿಂದ ಇಲ್ಲೇ ಕುಂತವ್ರೆ. ನಾನೂ ಏಳ್ನಿಲ್ಲ. ಕುರಿ ಮೇವಿಲ್ದೆ ಒದ್ದಾಡ್ತಾವೆ, ಆದ್ರೂ ಏಳ್ನಿಲ್ಲ."

ಏನಾದರೂ ಮಾತಾಡಿದಿರಾ ಎಂದು ಕೇಳಿದೆ.

"ಏನ್ ಮಾತಾಡದವ್ವ. ನನ್ ಮಗಳ್ನ ಉಳಿಸ್ನಿಲ್ಲ ಅಂತ ಒಟ್ಟೆ ಉರೀತದೆ. ಅಂಗಂತ ಇನ್ನೊಂದು ಜೀವ ಓಗದ ನೋಡ್ಕಂಡ್ ಕುಂತಿರಕಾಯ್ತದಾ? ಕರ್ಕಂಡೋಗಿ."

ಅಷ್ಟು ಹೇಳಿ ಅವನು ಕುರಿ ಹೊಡೆದುಕೊಂಡು ಹೊರಟುಹೋದ. ಶ್ರೀನಿಧಿಯ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರ ಅಂಗಾಲು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ, ಜೋರಾಗಿಯೇ ಅತ್ತೆ, ಪುಟ್ಟಸ್ವಾಮಿ ಆ ಕಡೆ ತಿರುಗಿ ನಿಂತ. ಆಮೇಲೆ ಶ್ರೀನಿಧಿ ಹೇಳಿದರು. ಮನೆ ಬಿಟ್ಟಾಗ ಆ ಹುಡುಗಿಯ ಮನೆಗೆ ಹೋಗುತ್ತೇನೋ ಕೆರೆಗೆ ಬರುತ್ತೇನೋ ಎಂದು ಅವರಿಗೇ ಗೊತ್ತಿರಲಿಲ್ಲವಂತೆ. ನಡೆದರೆ ತಿಳಿಯಬಹುದು ಎಂದು ನಡೆದರಂತೆ. ಇಲ್ಲಿ ಕೂತ ಮೇಲೆ ಆ ಮನುಷ್ಯ ಬಂದು ಕೂತ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದರು. ಅವನು ಏನೂ ಮಾಡಲಿಲ್ಲ. ಏಳಲಿಲ್ಲ ಅಷ್ಟೇ. ಅವನ ಎದುರಿಗೆ ಹೇಗೆ ಮೇಡಂ ಎಂದರು. ನನಗೆ ಆ ಮಾತಿನ ಉಳಿದ ಭಾಗ ಬೇಕಾಗಿರಲಿಲ್ಲ.

ಮುಂದಿನದು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅವತ್ತೇ ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿದೆವು. ಮೂರು ತಿಂಗಳ ರಜೆ, ಮಾತ್ರೆ, ವಾರವಾರ ಹೋಗಿ ಕೂತು ಮಾತಾಡುವುದು. ವಿಚಾರಣೆಯಲ್ಲಿ ಅವರದು ತಪ್ಪಿಲ್ಲ ಎಂದಾಯಿತು, ಆದರೆ ಅದು ಕಾಗದದಲ್ಲಿ ಬಂದದ್ದು, ಮನಸ್ಸಿಗೆ ಇಳಿಯಲು ವರ್ಷವೇ ಬೇಕಾಯಿತು. ಫೋಟೋಗಳೆಲ್ಲ ಸುಳ್ಳು ಎಂದು ನಾನು ಮೇಲಿನವರಿಗೆ ಬರೆದುಕೊಟ್ಟೆ. ನನಗೆ ನೋಟಿಸು ಬಂತು. ಉತ್ತರದಲ್ಲಿ, ನಮಗೆ ಬೇಕಾದದ್ದು ಸಾಕ್ಷಿಯಲ್ಲ, ಜೊತೆಗೆ ನಡೆಯಲು ಒಬ್ಬರು ಎಂದು ಬರೆದೆ. ಅದಕ್ಕೆ ಮರುಉತ್ತರ ಬರಲಿಲ್ಲ. ಫೋಟೋ ಕೇಳುವುದು ಸದ್ದಿಲ್ಲದೆ ನಿಂತಿತು.

ಅವರು ಕೆಲಸಕ್ಕೆ ಮರಳಿದಾಗ ಬೇಸಿಗೆ. ಮೊದಲ ದಿನವೇ ಬೆಳಿಗ್ಗೆ ಆರಕ್ಕೆ ಅವರ ಬಾಗಿಲು ತಟ್ಟಿದೆ. ಬೇಡ ಮೇಡಂ ಎಂದರು. ಬೇಡ ಅನ್ನೋದಕ್ಕೆ ನಾನು ನಿಮ್ಮನ್ನು ಕೇಳಿದೆನಾ ಎಂದೆ. ಕೆರೆ ಏರಿ ಬೇಡವೆಂದು ನಾಗಮಂಗಲದ ದಾರಿ ಹಿಡಿದೆವು. ಮೊದಲ ವಾರ ಇಬ್ಬರಿಗೂ ಮಾತಿಲ್ಲ, ನನಗೆ ಏದುಸಿರು, ಅವರಿಗೆ ಮಾತ್ರೆಯ ಮಂಪರು. ಎರಡನೇ ವಾರ ಅವರು ಹುಡುಗಿಯ ಬಗ್ಗೆ ಮಾತಾಡಿದರು. ಒಂದೇ ಸಮ, ನಿಲ್ಲಿಸದೆ, ಒಂದು ಮೈಲಿ. ಎದುರು ಬದುರು ಕೂತಿದ್ದರೆ ಅದನ್ನು ಹೇಳುತ್ತಿರಲಿಲ್ಲ. ಪಕ್ಕದಲ್ಲಿ ನಡೆಯುವವರ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಹೇಳಿದರು ಅನಿಸುತ್ತದೆ. ನಡೆದರೆ ಎಲ್ಲ ವಾಸಿಯಾಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಾತ್ರೆಯೂ ಬೇಕಿತ್ತು, ರಜೆಯೂ ಬೇಕಿತ್ತು. ಆದರೆ ಜೂನ್ ಹೊತ್ತಿಗೆ ಒಂದು ದಿನ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದು, ಹೆರಿಗೆ ವಾರ್ಡಿಗೆ ಬೇಗ ಹೋಗಬೇಕು, ಒಬ್ಬಳು ನೋವು ತಿಂತಿದ್ದಾಳೆ ಎಂದರು. ಅವರ ಬೆನ್ನು ನೋಡುತ್ತಾ ರಸ್ತೆಯಲ್ಲೇ ನಿಂತುಬಿಟ್ಟೆ.

ಮಾಲಿನಿ ಒಂದು ಷರತ್ತು ಹಾಕಿದ್ದರು. ದಿನಾ ಬೆಳಿಗ್ಗೆ ನಡೆಯುವಾಗ ಆಕೆ ಫೋನು ಮಾಡುತ್ತಾರೆ, ಗಂಡ ಎತ್ತಬೇಕು, ಉಸಿರು ಕೇಳಬೇಕು. ಒಂದು ದಿನ ಶ್ರೀನಿಧಿ ಚಪ್ಪಲಿಯೊಳಗೆ ಸಿಕ್ಕ ಕಲ್ಲು ತೆಗೆಯುತ್ತಾ ಕೂತಿದ್ದರು, ಫೋನು ನನ್ನ ಕೈಯಲ್ಲಿತ್ತು. ನಾನೇ ಎತ್ತಿದೆ. ಇಲ್ಲೇ ಇದಾರೆ ಮಾಲಿನಿ, ಚೆನ್ನಾಗಿದ್ದಾರೆ ಎಂದೆ. ಆಕೆಯ ದನಿಯಲ್ಲಿ ಸಿಟ್ಟು ಇರಲಿಲ್ಲ.

"ನೀವು ಹೇಳಿದ್ರೆ ನಾನು ನಂಬಲ್ಲ ಸವಿತಾ. ಅವರಿಗೇ ಕೊಡಿ."

ನಾನು ಫೋನನ್ನು ಅವರ ಕೈಗೆ ಕೊಟ್ಟೆ.